ಹಳೆ ಟು-ಸ್ಟ್ರೋಕ್ ಬೈಕನ್ನು ಮಣ್ಣಿನ ದಾರಿಗೆ ಇಳಿಸುವ ಮುನ್ನ: ಯೆಜ್ಡಿ, ಆರ್‌ಎಕ್ಸ್ ಮಾಲೀಕರಿಗೊಂದು ಮಾರ್ಗದರ್ಶಿ

"ಅಪ್ಪನ ಕಾಲದ ಯೆಜ್ಡಿ ಮನೆಯಲ್ಲಿ ನಿಂತಿದೆ, ತೋಟದ ದಾರಿಯಲ್ಲಿ ಓಡಿಸಬಹುದಾ?" "ಆರ್‌ಎಕ್ಸ್ ಒಂದು ತಗೊಂಡು ಡರ್ಟ್ ಬೈಕ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" "ಗುಂಡಿ ಟೈರ್ (ಮೈಮೇಲೆ ದಪ್ಪ ಗುಬ್ಬಿಗಳಿರುವ ಟೈರ್) ಹಾಕಿಸಿದರೆ ಸಾಕಾ?" ಓದುಗರು ಇದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಲೇ ಇದ್ದಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹೊರದೇಶಗಳಲ್ಲಿ ವಿಂಟೇಜ್ ಡರ್ಟ್ ಬೈಕ್ ಅಂದರೆ 1968ರಲ್ಲಿ ಬಂದ ಯಮಹಾ ಡಿಟಿ-1, 1973ರ ಹೋಂಡಾ ಎಲ್ಸಿನೋರ್, ಚೆಕೊಸ್ಲೊವಾಕಿಯಾದ ಸಿಝಡ್ ಮೋಟೊಕ್ರಾಸ್ ಬೈಕು, ಹೀಗೆ ಹುಟ್ಟಿನಿಂದಲೇ ಮಣ್ಣಿಗೆಂದು ಮಾಡಿದ ಗಾಡಿಗಳು. ಬೆಲ್ಜಿಯಂನ ಜೋಯಲ್ ರೋಬರ್ 1964ರಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವ ಪಟ್ಟ ಗೆದ್ದದ್ದು ಸಿಝಡ್ ಮೇಲೆ. ನಮ್ಮ ಕಡೆ ಆ ಭಾಗ್ಯ ಇರಲಿಲ್ಲ. ಇಲ್ಲಿ ರಸ್ತೆಗೆ ಮಾಡಿದ ಟು-ಸ್ಟ್ರೋಕ್ ಗಾಡಿಗಳನ್ನೇ, ಅಂದರೆ ಪೆಟ್ರೋಲ್ ಜೊತೆ ಆಯಿಲನ್ನೂ ಸುಡುವ ಹಳೆ ಬಗೆಯ ಇಂಜಿನ್ನಿನ ಗಾಡಿಗಳನ್ನೇ, ಮಣ್ಣಿಗೆ ಹೊಂದಿಸಿಕೊಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ, ಆಮೇಲೆ ಯಮಹಾ ಆರ್‌ಎಕ್ಸ್ 100, ಸುಜುಕಿ ಶೋಗನ್. ಈ ಲೇಖನ ಅಂಥ ಗಾಡಿಗಳ ಬಗ್ಗೆ. ಹೆಚ್ಚಾಗಿ ಯೆಜ್ಡಿ ಮತ್ತು ಆರ್‌ಎಕ್ಸ್ ಬಗ್ಗೆ.

ಮೊದಲೇ ಒಂದು ಮಾತು. ಕೈಗೆ ಹಣ ಬಂದ ಕೂಡಲೇ ಎಲ್ಲರೂ ಸೈಲೆನ್ಸರ್, ಹ್ಯಾಂಡಲ್, ಬಣ್ಣಕ್ಕೆ ಸುರಿಯುತ್ತಾರೆ. ಮಣ್ಣಿನಲ್ಲಿ ಗಾಡಿ ಕೈಕೊಡುವುದು ಆಯಿಲ್ ಸೀಲ್, ಏರ್ ಫಿಲ್ಟರ್, ಬ್ರೇಕು, ವೈರಿಂಗ್, ಈ ನಾಲ್ಕರಿಂದ. ಹಣ ಮೊದಲು ಅಲ್ಲಿಗೆ ಹೋಗಲಿ.

1. ಯಾವ ಗಾಡಿ?

ಯೆಜ್ಡಿ ರೋಡ್‌ಕಿಂಗ್ 1978ರಲ್ಲಿ ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂಜಿನ್ ಸುಮಾರು 250 ಸಿಸಿ, ಶಕ್ತಿ 16 ಎಚ್‌ಪಿ. ತೂಕ ಸುಮಾರು 140 ಕೆಜಿ. ಕೆಳಗಿನ ಆರ್‌ಪಿಎಂನಲ್ಲೇ ಎಳೆಯುವ ಗುಣ ಇದಕ್ಕಿದೆ. ಕಲ್ಲು ದಾರಿಯ ಏರಿನಲ್ಲಿ ಎರಡನೇ ಗೇರಿನಲ್ಲೇ ಗೊಣಗುತ್ತಾ ಹತ್ತುತ್ತದೆ. ಆದರೆ ಬಿದ್ದರೆ ಎತ್ತುವುದು ನೀವೇ, ಅದು ನೆನಪಿರಲಿ.

ಆರ್‌ಎಕ್ಸ್ 100 ಇಲ್ಲಿ 1985ರಿಂದ 1996ರವರೆಗೆ ತಯಾರಾಯಿತು. 98 ಸಿಸಿ, 11 ಎಚ್‌ಪಿ, ತೂಕ ಹೆಚ್ಚುಕಡಿಮೆ 100 ಕೆಜಿ. ಹಗುರ, ಚುರುಕು. ಶಕ್ತಿಯೆಲ್ಲ ಮೇಲಿನ ಆರ್‌ಪಿಎಂನಲ್ಲಿ ಇರುವುದರಿಂದ ಕೆಸರಿನಲ್ಲಿ ಹಿಂದಿನ ಚಕ್ರ ಬೇಗ ಸುತ್ತುತ್ತದೆ.

ಮೊದಲ ಸಲ ಮಣ್ಣಿಗೆ ಇಳಿಯುವವರಿಗೆ ಆರ್‌ಎಕ್ಸ್ ಜಾತಿಯ ಹಗುರ ಗಾಡಿಯೇ ವಾಸಿ. ತೊಂದರೆ ಏನೆಂದರೆ ಅದರ ಬೆಲೆ ಈಗ ಹುಚ್ಚುಹುಚ್ಚಾಗಿ ಏರಿದೆ. ಆರ್‌ಎಕ್ಸ್ 135, ಶೋಗನ್, ಶಾವೊಲಿನ್ ಸಿಕ್ಕರೂ ಸರಿಯೇ, ಬಿಡಿಭಾಗ ಸಿಗುತ್ತವೆಯೇ ಅಂತ ವಿಚಾರಿಸಿಕೊಂಡು ತಗೊಳ್ಳಿ.

ಇನ್ನೊಂದು ಗೊಂದಲ ಇದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು. ಅವು ನೀರು ತಂಪಿನ ಫೋರ್-ಸ್ಟ್ರೋಕ್ ಗಾಡಿಗಳು. ಅವುಗಳ ಇಂಜಿನ್ ಭಾಗ ಹಳೆಯದಕ್ಕೆ ಕೂರುವುದಿಲ್ಲ. "ಯೆಜ್ಡಿ ಪಿಸ್ಟನ್" ಅಂತ ಸುಮ್ನೆ ಆರ್ಡರ್ ಮಾಡಬೇಡಿ, ಮಾಡೆಲ್ ಹೇಳಿ.

2. ಕಾಗದ ನೋಡದೆ ಗಾಡಿ ಮುಟ್ಟಬೇಡಿ

ಬೇಸರದ ಕೆಲಸ, ಆದರೆ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ.

ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿ ಮೇಲೆ ಕೆತ್ತಿದ ನಂಬರಿನ ಜೊತೆ ನೀವೇ ಹೋಲಿಸಿ. ಉಜ್ಜಿದ, ಮತ್ತೆ ಹೊಡೆದ ಗುರುತು ಕಂಡರೆ ಅಲ್ಲಿಂದ ಹೊರಡಿ. ಹಳೆ ಗಾಡಿಗಳಲ್ಲಿ ಇಂಜಿನ್ ಬದಲಾಗಿರುವುದು ಸಾಮಾನ್ಯ. ಬದಲಾದದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು ಅಷ್ಟೆ.

ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದನ್ನೇ ಎಲ್ಲರೂ ಎಫ್‌ಸಿ ಅನ್ನುವುದು. ಎಫ್‌ಸಿ ಮುಗಿದು ಎಷ್ಟೋ ವರ್ಷ ಆಗಿರುವ ಗಾಡಿ ಅಗ್ಗಕ್ಕೆ ಸಿಗುತ್ತದೆ. ಬಾಕಿ ದಂಡ, ಗ್ರೀನ್ ಟ್ಯಾಕ್ಸ್, ನವೀಕರಣ ಶುಲ್ಕ ಎಲ್ಲ ಸೇರಿಸಿದರೆ ಅದು ಅಗ್ಗ ಅಲ್ಲ. ಕೊಳ್ಳುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಕೇಳಿ. ವರ್ಗಾವಣೆಗೆ ಫಾರಂ 29, 30 ಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರವೂ ಬೇಕು. ಮಾರುವವರ ಹೆಸರೇ ಆರ್‌ಸಿಯಲ್ಲಿ ಇಲ್ಲದಿದ್ದರೆ, "ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವ ಮಾತಿಗೆ ಮುಂಗಡ ಕೊಡಬೇಡಿ.

"ವಿಂಟೇಜ್ ನೋಂದಣಿ ಮಾಡಿಸಲಾ?" ಅಂತಲೂ ಕೇಳುತ್ತಾರೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ಅದು ಸಿಗುತ್ತದೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಂಥ ಕೆಲಸಕ್ಕಷ್ಟೇ ರಸ್ತೆಗೆ ತರಬೇಕು. ವಾರಕ್ಕೊಮ್ಮೆ ತೋಟ ಸುತ್ತುವವರಿಗೆ ಮಾಮೂಲಿ ಆರ್‌ಸಿ ಇದ್ದರೆ ಒಳ್ಳೆಯದು.

3. ಕೊಳ್ಳುವಾಗ ಇಂಜಿನ್ ಪರೀಕ್ಷೆ

ನೀವು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಟ್ಟಿರಿ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ತಿಳಿಯಿರಿ.

ತಣ್ಣಗಿದ್ದಾಗ ಕಿಕ್ಕರ್ ನಿಧಾನ ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ಸುಮ್ನೆ ಜಾರಿಕೊಂಡು ಹೋದರೆ ಕಂಪ್ರೆಶನ್ ಇಲ್ಲ, ಬೋರ್ ಹೊಡೆಸಿ ಪಿಸ್ಟನ್ ಕಿಟ್ ಹಾಕಬೇಕು. ಬೋರ್ ಹೊಡೆಸುವುದು ಅಂದರೆ ಸಿಲಿಂಡರಿನ ಒಳಮೈಯನ್ನು ಲೇತ್‌ನವರ ಹತ್ತಿರ ಸ್ವಲ್ಪ ಅಗಲ ಮಾಡಿಸಿ, ಅದಕ್ಕೆ ತಕ್ಕ ದೊಡ್ಡ ಅಳತೆಯ ಪಿಸ್ಟನ್ ಕೂರಿಸುವುದು. ಎಷ್ಟನೇ ಬೋರ್ ಆಗಿದೆ ಅಂತ ಕೇಳಿ. ಕೊನೆಯ ಅಳತೆ ಮುಟ್ಟಿದ್ದರೆ ಮುಂದಿನ ಸಲ ಸ್ಲೀವ್ (ಸಿಲಿಂಡರಿನ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಬೇಕಾಗುತ್ತದೆ.

ಈಗ ಹೊಗೆ. ಟು-ಸ್ಟ್ರೋಕ್ ಅಂದಮೇಲೆ ಹೊಗೆ ಇರಲೇಬೇಕು, ಅಲ್ವಾ? ಆದರೆ ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದಿದ್ದರೆ, ಪದೇ ಪದೇ ಪ್ಲಗ್ ಒದ್ದೆಯಾಗುತ್ತಿದ್ದರೆ, ಕ್ಲಚ್ ಬದಿಯ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಆಯಿಲ್ ಸೀಲ್ ಹೋಗಿದೆ ಅಂತ ಅನುಮಾನ ಪಡಿ. ಇಂಜಿನ್ ಅಲ್ಲಿಂದ ಗೇರ್ ಆಯಿಲ್ ಹೀರಿ ಸುಡುತ್ತಿರುತ್ತದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಲಕ್ಷಣ ಬೇರೆ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ರೈಸ್ ಆಗುತ್ತದೆ. ಇದು ಹೆಚ್ಚು ಅಪಾಯ. ಗಾಳಿ ಜಾಸ್ತಿ ಆದರೆ ಪೆಟ್ರೋಲ್ ಜೊತೆ ಬರುವ ಆಯಿಲ್ ಕಮ್ಮಿ ಆದ ಹಾಗೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸೀಜ್ ಅನ್ನುವುದು ಇದನ್ನೇ.

4. ಮಣ್ಣಿಗೆ ಹೋಗುವ ಮುನ್ನ ಮಾಡಿಸಬೇಕಾದ ಕೆಲಸ

ಇಂಜಿನ್ ಬಿಚ್ಚುವ ಸಂದರ್ಭ ಬಂದರೆ ಎರಡೂ ಕಡೆಯ ಕ್ರ್ಯಾಂಕ್ ಸೀಲ್ ಹೊಸದು ಹಾಕಿಸಿಬಿಡಿ. ಸೀಲ್ ಬೆಲೆ ಜುಜುಬಿ, ಬಿಚ್ಚುವ ಕೂಲಿಯೇ ದೊಡ್ಡದು. ಬೇರಿಂಗ್ ಕೂಡ ಆಗಲೇ ನೋಡಿಸಿ.

ಏರ್ ಫಿಲ್ಟರ್ ತೆಗೆದು ಬಿಸಾಕಿ, ಕಾರ್ಬುರೇಟರ್ ಬಾಯಿಗೆ ಬರೀ ಜಾಲರಿ ಕಟ್ಟುವವರಿದ್ದಾರೆ. "ಪಿಕಪ್ ಬರುತ್ತೆ" ಅನ್ನುತ್ತಾರೆ. ಮಣ್ಣಿನ ದಾರಿಯಲ್ಲಿ ಇದಕ್ಕಿಂತ ದೊಡ್ಡ ಹುಚ್ಚು ಇಲ್ಲ. ಟು-ಸ್ಟ್ರೋಕ್‌ನಲ್ಲಿ ಒಳಗೆ ಹೋದ ಧೂಳು ಮೊದಲು ಕ್ರ್ಯಾಂಕ್ ಬೇರಿಂಗ್ ಮುಟ್ಟಿ, ಆಮೇಲೆ ಪಿಸ್ಟನ್ ರಿಂಗ್ ತಿನ್ನುತ್ತದೆ. ಸ್ಪಾಂಜ್ ಫಿಲ್ಟರ್ ಇದ್ದರೆ ತೊಳೆದು ಒಣಗಿಸಿ, ಆಯಿಲ್ ಹಾಕಿ ಹಿಂಡಿ ಕೂರಿಸಿ. ಬಾಕ್ಸಿನ ಅಂಚಿಗೆ ತೆಳ್ಳಗೆ ಗ್ರೀಸ್ ಬಳಿಯಿರಿ, ಸಂದಿಯಲ್ಲಿ ಧೂಳು ನುಗ್ಗುವುದಿಲ್ಲ. ಫಿಲ್ಟರಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಒಡೆದಿದೆಯೇ ಅಂತ ಬಗ್ಗಿಸಿ ನೋಡಿ. ಎಲ್ಲ ಸರಿ ಇದ್ದು ಈ ರಬ್ಬರ್ ಬಿರುಕು ಬಿಟ್ಟಿದ್ದರೂ ಮಾಡಿದ್ದೆಲ್ಲ ವ್ಯರ್ಥ.

ವೈರಿಂಗ್ ವಿಷಯದಲ್ಲಿ ಯೆಜ್ಡಿ ಮತ್ತು ಆರ್‌ಎಕ್ಸ್‌ಗೆ ಒಂದು ಮುಖ್ಯ ವ್ಯತ್ಯಾಸ ಇದೆ. ಹಳೆ ಜಾವಾ, ಯೆಜ್ಡಿಗಳಲ್ಲಿ ಪ್ಲಗ್ ಕಿಡಿಗೆ ಬ್ಯಾಟರಿ ಬೇಕು, ಕಿಡಿ ಕೊಡುವುದು ಪಾಯಿಂಟ್ ಸೆಟ್, ಅಂದರೆ ತೆರೆದು ಮುಚ್ಚುವ ಚಿಕ್ಕ ಲೋಹದ ಸ್ವಿಚ್. ಕುಲುಕಾಟದಲ್ಲಿ ಬ್ಯಾಟರಿ ಟರ್ಮಿನಲ್ ಸಡಿಲಾದರೆ ಗಾಡಿ ನಿಂತಿತು ಅಂತಲೇ ಲೆಕ್ಕ. ಬ್ಯಾಟರಿಯನ್ನು ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಹತ್ತಿರ ಇಡಿಸಿ. ಆರ್‌ಎಕ್ಸ್‌ನಲ್ಲಿ ಸಿಡಿಐ ಇದೆ. ಅಂದರೆ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ವ್ಯವಸ್ಥೆ, ಬ್ಯಾಟರಿ ಸತ್ತರೂ ಇಂಜಿನ್ ನಡೆಯುತ್ತದೆ. ಹಳೆ ಯೆಜ್ಡಿಗೂ ಈಗ ಎಲೆಕ್ಟ್ರಾನಿಕ್ ಕಿಟ್ ಸಿಗುತ್ತವೆ. ಮಣ್ಣಿಗೆ ಅದು ಅನುಕೂಲವೇ.

ಬ್ರೇಕ್: ಎರಡೂ ಡ್ರಮ್. ಲೈನರ್ ಹೊಸದಿರಲಿ, ಕೇಬಲ್ ಹೊಸದಿರಲಿ. ಒಳಗಿನ ಕ್ಯಾಮ್ ಬಿಚ್ಚಿ ಸ್ವಚ್ಛ ಮಾಡಿ ಒಂದು ಚೂರೇ ಗ್ರೀಸ್ ಹಾಕಿ. ಲೈನರಿಗೆ ತಾಗಬಾರದು.

ಸ್ಪೋಕ್ ಪ್ರತಿಯೊಂದನ್ನೂ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ. ಟಿಣ್ ಅಂದರೆ ಬಿಗಿ, ಟಪ್ ಅಂದರೆ ಸಡಿಲ. ಮುಂದಿನ ಫೋರ್ಕಿನ ಸೀಲ್, ಆಯಿಲ್ ಬದಲಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ರಿಪೇರಿಗಿಂತ ಹೊಸ ಜೋಡಿ ವಾಸಿ.

ಟೈರ್: ರೋಡ್‌ಕಿಂಗ್, ಆರ್‌ಎಕ್ಸ್ ಎರಡಕ್ಕೂ 18 ಇಂಚಿನ ರಿಮ್. ಹಳೆ ಜಾವಾಗೆ 16 ಇಂಚು, ಅದಕ್ಕೆ ಗುಂಡಿ ಟೈರ್ ಸಿಗುವುದು ಕಷ್ಟ. ರಸ್ತೆ, ಮಣ್ಣು ಎರಡಕ್ಕೂ ಆಗುವ ಗುಂಡಿ ಟೈರ್ ತಗೊಳ್ಳಿ. ಅಳತೆ ದೊಡ್ಡದು ಹಾಕಿ ಮಡ್‌ಗಾರ್ಡಿಗೆ ಉಜ್ಜುವ ಹಾಗೆ ಮಾಡಿಕೊಳ್ಳಬೇಡಿ. ಬೆರಳು ಸಲೀಸಾಗಿ ಓಡಾಡುವಷ್ಟು ಜಾಗ ಇರಲಿ. ಮಣ್ಣಿನಲ್ಲಿ ಗಾಳಿ 18ರಿಂದ 20 ಪಿಎಸ್‌ಐ ಸಾಕು. ಇನ್ನೂ ಕಮ್ಮಿ ಮಾಡಿದರೆ ಕಲ್ಲಿಗೆ ಹೊಡೆದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕತ್ತರಿಸುತ್ತದೆ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿ.

ಮುಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಒಂದು ಹಲ್ಲು ಕಮ್ಮಿ ಇರುವುದು ಹಾಕಿದರೆ ಏರಿನಲ್ಲಿ ಎಳೆತ ಹೆಚ್ಚುತ್ತದೆ, ರಸ್ತೆಯಲ್ಲಿ ವೇಗ ಕಮ್ಮಿಯಾಗುತ್ತದೆ. ತೋಟದ ದಾರಿಗೆ ಇದು ಅಗ್ಗದ, ಒಳ್ಳೆಯ ಬದಲಾವಣೆ. ಚೈನ್ ಪೂರ್ತಿ ಮುಚ್ಚುವ ಕವರ್ ನಿಮ್ಮ ಗಾಡಿಯಲ್ಲಿದ್ದರೆ ಅದನ್ನು ತೆಗೆಯಬೇಡಿ. ಕೆಸರಿನಿಂದ ಚೈನ್ ಕಾಪಾಡುವುದಕ್ಕೆ ಅದಕ್ಕಿಂತ ಚೆನ್ನಾದ್ದು ಇಲ್ಲ.

ಸೀರೆ ಗಾರ್ಡ್, ಲೆಗ್ ಗಾರ್ಡ್ ಎರಡೂ ಕಲ್ಲಿಗೆ, ಬೇಲಿಗೆ ಸಿಕ್ಕಿ ಕಾಲು ಮುರಿಯುತ್ತವೆ. ಖಾಸಗಿ ಜಾಗದಲ್ಲಿ ಓಡಿಸುವಾಗ ತೆಗೆದಿಡಿ. ರಸ್ತೆಗೆ ಬರುವಾಗ ಸೀರೆ ಗಾರ್ಡ್ ಮತ್ತೆ ಹಾಕಬೇಕು, ಹಿಂದಿನ ಸವಾರರ ರಕ್ಷಣೆಗೆ ಅದು ಕಾನೂನಿನಲ್ಲೇ ಇದೆ. ಹೆಡ್‌ಲೈಟ್ ಕಿತ್ತು ಹಾಕುವುದು, ಚಾಸಿ ಕತ್ತರಿಸಿ ಬೆಸುಗೆ ಹಾಕಿಸುವುದು, ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೆಗೆಯುವುದು ಬೇಡ. ತಯಾರಕರು ಕೊಟ್ಟ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅದು ಹಾಗಿರಲಿ, ಬ್ಯಾಫಲ್ ತೆಗೆದರೆ ಸದ್ದು ಬರುತ್ತದೆ, ಮಣ್ಣಿಗೆ ಬೇಕಾದ ಕೆಳಗಿನ ಎಳೆತ ಹೋಗುತ್ತದೆ. ಬಿಚ್ಚಿದ ಪ್ರತಿ ಒರಿಜಿನಲ್ ಭಾಗವನ್ನೂ ಒಂದು ಚೀಲದಲ್ಲಿ ಕಟ್ಟಿಡಿ. ಮುಂದೆ ಗಾಡಿಯ ಬೆಲೆ ನಿಲ್ಲುವುದು ಆ ಚೀಲದ ಮೇಲೆ.

ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸಾಲು ಇದ್ದೇ ಇದೆ. ಜಾವಾ, ಯೆಜ್ಡಿ ಕೈ ಪಳಗಿದ ಮೆಕ್ಯಾನಿಕ್ ಬೇಕಾದರೆ ಮೈಸೂರಿನಲ್ಲಿ ವಿಚಾರಿಸಿ. ಜುಲೈ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ-ಯೆಜ್ಡಿ ದಿನಕ್ಕೆ ಊರೂರಲ್ಲಿ ಮಾಲೀಕರು ಸೇರುತ್ತಾರೆ. ಒಳ್ಳೆ ಮೆಕ್ಯಾನಿಕ್ ಯಾರು ಅನ್ನುವುದು ಅಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

5. ಪೆಟ್ರೋಲ್ ಮತ್ತು ಆಯಿಲ್

ಆಯಿಲ್ ಪಂಪ್ ಇಲ್ಲದ ಯೆಜ್ಡಿಗೆ ಪೆಟ್ರೋಲಿನಲ್ಲೇ ಟು-ಟಿ, ಅಂದರೆ ಟು-ಸ್ಟ್ರೋಕ್ ಆಯಿಲ್ ಬೆರೆಸಬೇಕು. ಲೀಟರಿಗೆ 40 ಮಿ.ಲೀ. ಅಂದರೆ 25ಕ್ಕೆ 1. ಡಬ್ಬದ ಮೇಲೆ ಜಪಾನಿನ ಗುಣಮಟ್ಟದ ಗುರುತಾದ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಅಂತ ಇರಲಿ. ಹೊಗೆ ಕಮ್ಮಿ ಆಗಲಿ ಅಂತ ಆಯಿಲ್ ಉಳಿಸಲು ಹೋಗಬೇಡಿ. ಟ್ಯಾಂಕಿಗೆ ನೇರ ಸುರಿದರೆ ತಳದಲ್ಲಿ ಕೂರುತ್ತದೆ. ಡಬ್ಬದಲ್ಲಿ ಬೆರೆಸಿ, ಕುಲುಕಿ ಹಾಕಿ.

ಆರ್‌ಎಕ್ಸ್‌ಗೆ ಬೇರೆ ಆಯಿಲ್ ಟ್ಯಾಂಕ್, ಪಂಪ್ ಇದೆ. ಪಂಪ್ ಕೆಲಸ ಮಾಡುತ್ತಿದೆಯೇ, ಪೈಪಿನಲ್ಲಿ ಗಾಳಿ ಗುಳ್ಳೆ ಇದೆಯೇ ನೋಡಿ. ಪಂಪಿನ ಮೇಲೆ ನಂಬಿಕೆ ಬರುವವರೆಗೆ ಪೆಟ್ರೋಲಿಗೂ ಸ್ವಲ್ಪ ಬೆರೆಸಿಕೊಳ್ಳುವುದು ಸುರಕ್ಷಿತ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೆ ರಬ್ಬರ್ ಪೈಪು, ವಾಷರುಗಳಿಗೆ ಇದು ಆಗಿಬರುವುದಿಲ್ಲ, ನೀರನ್ನೂ ಹೀರಿಕೊಳ್ಳುತ್ತದೆ. ಪೆಟ್ರೋಲ್ ಪೈಪ್ ಹೊಸದು ಹಾಕಿಸಿ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ.

ಪ್ಲಗ್ ಬಣ್ಣ ಓದಲು ಕಲಿಯಿರಿ. ಕಾಫಿ ಕಂದು ಇದ್ದರೆ ಸರಿ. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ. ಬೆಳ್ಳಗಿದ್ದರೆ ಗಾಡಿ ನಿಲ್ಲಿಸಿ, ಗಾಳಿ ಎಲ್ಲಿಂದ ಬರುತ್ತಿದೆ ಹುಡುಕಿ.

6. ಓಡಿಸುವುದು

ಐಎಸ್‌ಐ ಹೆಲ್ಮೆಟ್, ಮೊಣಕಾಲು-ಮೊಣಕೈ ಗಾರ್ಡ್, ಕೈಗವಸು, ಕಣಕಾಲು ಮುಚ್ಚುವ ಬೂಟು. ಚಪ್ಪಲಿಯಲ್ಲಿ ಯೆಜ್ಡಿ ಕಿಕ್ ಹೊಡೆಯುವವರನ್ನು ಹಳ್ಳಿಗಳಲ್ಲಿ ಈಗಲೂ ನೋಡುತ್ತೇವೆ. ನೀವು ಹಾಗೆ ಮಾಡಬೇಡಿ.

ಮೊದಲು ಖಾಲಿ ಹೊಲದಲ್ಲಿ ನಿಂತು ಓಡಿಸುವುದನ್ನು ಕಲಿಯಿರಿ. ಪಾದ ಫುಟ್‌ರೆಸ್ಟ್ ಮೇಲೆ, ಮೊಣಕಾಲು ಟ್ಯಾಂಕಿಗೆ ಒತ್ತಿ, ಮೊಣಕೈ ಸಡಿಲ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ದೂರಕ್ಕಿರಲಿ. ಹ್ಯಾಂಡಲ್ ಅಲ್ಲಾಡಿದರೆ ಅಲ್ಲಾಡಲಿ, ಬಿಗಿ ಹಿಡಿದಷ್ಟೂ ಬೀಳುವುದು ಜಾಸ್ತಿ.

ಯೆಜ್ಡಿ ಸವಾರರಿಗೆ ಒಂದು ವಿಶೇಷ ಎಚ್ಚರಿಕೆ. ಅದರಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿ ಬಿಡುವ ವ್ಯವಸ್ಥೆಯೂ ಇದೆ. ಕುಲುಕು ದಾರಿಯಲ್ಲಿ ಎಡಗಾಲು ಲಿವರ್ ಮೇಲೆ ಕೂತರೆ ನಿಮಗೆ ಗೊತ್ತಾಗದೆ ಕ್ಲಚ್ ಜಾರುತ್ತದೆ, ಪ್ಲೇಟ್ ಸುಟ್ಟುಹೋಗುತ್ತದೆ. ಗೇರ್ ಬದಲಿಸಿದ ತಕ್ಷಣ ಪಾದ ಹಿಂದಕ್ಕೆ ತಗೊಳ್ಳಿ.

ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಇಂಜಿನ್ ಎಳೆಸಿಕೊಂಡು ಇಳಿಯುವುದು ಫೋರ್-ಸ್ಟ್ರೋಕ್‌ನವರ ಅಭ್ಯಾಸ. ಇಲ್ಲಿ ಪೆಟ್ರೋಲ್ ನಿಂತರೆ ಆಯಿಲೂ ನಿಂತಂತೆ. ನಡುನಡುವೆ ಕ್ಲಚ್ ಹಿಡಿದು ಒಂದು ಸಲ ರೈಸ್ ಕೊಡಿ. ಇಂಜಿನ್ ಸದ್ದು ಬಿಗಿಯಾಗಿ, ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ಅನ್ನಿಸಿದರೆ ಅದು ಸೀಜ್ ಶುರು. ಆ ಕ್ಷಣವೇ ಕ್ಲಚ್ ಹಿಡಿಯಿರಿ, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಕೆಡವುತ್ತದೆ.

ಮಣ್ಣು ನೋಡಿ ಓಡಿಸಿ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು ಒಣಗಿದ್ದಾಗ ಹಿಡಿತ ಕೊಡುತ್ತದೆ, ಮೊದಲ ಮಳೆ ಬಿದ್ದ ಮೇಲೆ ಸೋಪಿನಂತೆ ಜಾರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಬೆರಳ ತುದಿಯಲ್ಲಷ್ಟೇ. ಬಯಲುಸೀಮೆಯ ಕೆಮ್ಮಣ್ಣು ಪರವಾಗಿಲ್ಲ. ಧಾರವಾಡ, ಗದಗ, ವಿಜಯಪುರ ಕಡೆಯ ಎರೆ ಮಣ್ಣು ಒದ್ದೆಯಾದರೆ ಗಾಡಿ ಇಳಿಸಲೇಬೇಡಿ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಟ್ಟಿಕೊಂಡು ಚಕ್ರವೇ ತಿರುಗುವುದಿಲ್ಲ. ಆಗ ಕ್ಲಚ್ ಸುಡುವುದು ಬಿಟ್ಟು ಇಳಿದು, ಕೋಲಿನಿಂದ ಕೆರೆದು ತೆಗೆಯಿರಿ.

ಹಳ್ಳ ದಾಟುವ ಮುಂಚೆ ನಡೆದು ನೋಡಿ. ನೀರು ಏರ್ ಫಿಲ್ಟರ್ ಮಟ್ಟಕ್ಕೆ ಬರುವುದಾದರೆ ತಳ್ಳಿಕೊಂಡೂ ದಾಟಬೇಡಿ. ಇಂಜಿನ್ ನೀರು ಕುಡಿದು ನಿಂತರೆ ಕಿಕ್ ಹೊಡೆಯಬೇಡಿ. ಪೆಟ್ರೋಲ್ ಬಂದ್ ಮಾಡಿ, ಪ್ಲಗ್ ಬಿಚ್ಚಿ, ಆಮೇಲೆ ನಿಧಾನ ಕಿಕ್ ಒತ್ತಿ ನೀರು ಹೊರಗೆ ಹಾಕಿ. ಸೈಲೆನ್ಸರಿನ ನೀರೂ ಖಾಲಿಯಾಗಲಿ. ದಾಟಿದ ಮೇಲೆ ಬ್ರೇಕ್ ಲಘುವಾಗಿ ಒತ್ತಿ ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸಿಕೊಳ್ಳಿ.

7. ಎಲ್ಲಿ ಓಡಿಸಬೇಕು, ಎಲ್ಲಿ ಬೇಡ

ನಿಮ್ಮ ಹೊಲ, ತೋಟ, ಒಪ್ಪಿಗೆ ಕೊಟ್ಟ ಎಸ್ಟೇಟು, ಊರಿನ ಬಂಡಿದಾರಿ. ಕಾಯ್ದಿಟ್ಟ ಅರಣ್ಯ, ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ಒಯ್ಯುವುದು ಅಪರಾಧ. ಚಿಕ್ಕಮಗಳೂರು, ಕೊಡಗಿನ ಶೋಲಾ ಗುಡ್ಡಗಳ ಹುಲ್ಲುಗಾವಲಿನ ಮೇಲೆ ಟೈರ್ ಗುರುತು ಬಿದ್ದರೆ, ಮಳೆ ನೀರು ಅದೇ ಗೀರಿನಲ್ಲಿ ಹರಿದು ಕೊರಕಲು ಮಾಡುತ್ತದೆ. ವೀಡಿಯೊಗೋಸ್ಕರ ಅಲ್ಲಿ ಹತ್ತಿಸುವವರ ಬಗ್ಗೆ ನನಗೆ ಸ್ವಲ್ಪವೂ ಮರುಕ ಇಲ್ಲ.

ಕ್ರಮವಾಗಿ ಕಲಿಯಬೇಕಾದರೆ ತರಬೇತಿ ಟ್ರ್ಯಾಕ್‌ಗಳಿವೆ. ಮರುಭೂಮಿ ದಾಟುವ ಹಲವು ದಿನಗಳ ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಅಂಥದ್ದೊಂದನ್ನು ಶುರು ಮಾಡಿದರು. ಇಂಥ ಕಡೆ ಸ್ವಂತ ಹಳೆ ಗಾಡಿ ಬಿಡುತ್ತಾರೆಯೇ ಅಂತ ಮೊದಲೇ ಕೇಳಿಕೊಂಡು ಹೋಗಿ. ಅಲ್ಲಿನ ಹೊಸ ಬೈಕಿನಲ್ಲಿ ಒಂದೆರಡು ದಿನ ಕಲಿತು ಬಂದರೂ ನಿಮ್ಮ ಯೆಜ್ಡಿಗೆ ಉಪಕಾರವೇ.

ಒಬ್ಬರೇ ಹೋಗಬೇಡಿ. ಚೀಲದಲ್ಲಿ ಪ್ಲಗ್ ಎರಡು, ಪ್ಲಗ್ ಸ್ಪ್ಯಾನರ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಚೈನ್ ಲಾಕ್, ಟ್ಯೂಬು, ಪಂಪು, ತಂತಿ, ಇನ್ಸುಲೇಶನ್ ಟೇಪ್ ಇರಲಿ. ಆಯಿಲ್ ಬೆರೆಸುವ ಗಾಡಿಯಾದರೆ ಚಿಕ್ಕ ಬಾಟಲಿಯಲ್ಲಿ ಟು-ಟಿ ಆಯಿಲ್ ಕೂಡ ಬೇಕು, ಹಳ್ಳಿ ಅಂಗಡಿಯಲ್ಲಿ ಪೆಟ್ರೋಲ್ ಸಿಕ್ಕೀತು, ಅದು ಸಿಗುವುದಿಲ್ಲ.

8. ಮನೆಗೆ ಬಂದ ಮೇಲೆ

ಇಂಜಿನ್ ತಣ್ಣಗಾದ ಮೇಲೆ ತೊಳೆಯಿರಿ. ಪ್ರೆಶರ್ ಪೈಪನ್ನು ಚಕ್ರದ ಬೇರಿಂಗ್, ಕಾರ್ಬುರೇಟರ್, ಮ್ಯಾಗ್ನೆಟ್ ಕವರ್ ಕಡೆ ಹಿಡಿಯಬೇಡಿ. ಏರ್ ಫಿಲ್ಟರ್ ಅವತ್ತೇ ಬಿಚ್ಚಿ ನೋಡಿ, "ನಾಳೆ ನೋಡೋಣ" ಅಂದರೆ ಮರೆತೇಹೋಗುತ್ತದೆ. ಚೈನಿಗೆ ಆಯಿಲ್ ಕೊಡಿ, ಬೆರಳಿನಿಂದ ಎತ್ತಿದರೆ 25-30 ಮಿ.ಮೀ. ಆಡಬೇಕು.

ಆಮೇಲೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬನ್ನಿ. ಇಂಜಿನ್ ಮೌಂಟಿಂಗ್, ಫುಟ್‌ರೆಸ್ಟ್, ಹ್ಯಾಂಡಲ್ ಕ್ಲ್ಯಾಂಪ್, ಚಕ್ರದ ಆಕ್ಸಲ್. ಯೆಜ್ಡಿಯಾದರೆ ಸೈಲೆನ್ಸರ್ ಬೆಂಡ್ ಪೈಪುಗಳು ಸಿಲಿಂಡರಿಗೆ ಸೇರುವ ಕಡೆ ಇರುವ ಎರಡು ರಿಂಗ್ ನಟ್‌ಗಳನ್ನು ಮರೆಯಬೇಡಿ. ಕುಲುಕಾಟಕ್ಕೆ ಅವೇ ಮೊದಲು ಸಡಿಲವಾಗುವುದು. ಅದಕ್ಕೆ ಕೊಕ್ಕೆ ಸ್ಪ್ಯಾನರ್ ಬೇಕು. ಸುತ್ತಿಗೆ, ಉಳಿ ಇಟ್ಟು ಹೊಡೆದರೆ ಸಿಲಿಂಡರಿನ ತಿರುಪು ಗೆರೆ (ಥ್ರೆಡ್) ಹಾಳಾಗುತ್ತದೆ, ಅದನ್ನು ಸರಿಮಾಡುವ ಲೇತ್ ಹುಡುಕುವುದು ಗಾಡಿ ಹುಡುಕುವುದಕ್ಕಿಂತ ಕಷ್ಟ.